ಉದ್ಯಮಶೀಲತೆ ಎಂಬಿಎ ಸೇರಲಾ, ಈಗಲೇ ಮೆಣಸಿನಕಾಯಿ ಯಂತ್ರ ಮಾಡಲಾ?

ಗೋಕುಲರೋಡ್_ಮೆಕ್:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಬಿಇ ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಅಪ್ಪನದು ಸಣ್ಣ ವರ್ಕ್‌ಶಾಪ್ ಇದೆ. ಎರಡು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್. ವಾಲ್ವ್ ತಯಾರಿಸುವ ಕಂಪನಿಗಳಿಗೆ ಜಾಬ್ ವರ್ಕ್ ಮಾಡಿಕೊಡುತ್ತಾರೆ.

ನಮ್ಮದೇ ಒಂದು ಯಂತ್ರ ಮಾಡಿ ಮಾರಬೇಕು ಅಂತ ನನಗೆ ಬಹಳ ಆಸೆ. ಕಾಲೇಜಿನ ಪ್ರಾಜೆಕ್ಟ್‌ಗೆ ಒಣ ಮೆಣಸಿನಕಾಯಿಯ ತೊಟ್ಟು ತೆಗೆಯುವ ಯಂತ್ರದ ಮಾದರಿ ಮಾಡಿದ್ದೇವೆ. ಓಡುತ್ತದೆ, ಇನ್ನೂ ಸುಧಾರಿಸಬೇಕು.

ಈಗ ಎರಡು ವರ್ಷದ ಎಂಬಿಎ, ಅದರಲ್ಲೂ ಉದ್ಯಮಶೀಲತೆ ವಿಷಯದಲ್ಲಿ, ಸೀಟು ಸಿಗುವ ಹಾಗಿದೆ. ಫೀಸು, ಹಾಸ್ಟೆಲ್ ಸೇರಿ 6 ಲಕ್ಷ ದಾಟುತ್ತದೆ. ಸಾಲ ಮಾಡಬೇಕು. ಅಪ್ಪ "ಓದು, ನಾನಿದ್ದೇನೆ" ಅನ್ನುತ್ತಾರೆ. ಅಮ್ಮನಿಗೆ ಮಗಳು ಎಲ್ಲಾದರೂ ಕೆಲಸಕ್ಕೆ ಸೇರಿದರೆ ಸಾಕು. ಬಿಸಿನೆಸ್ ಮಾಡುವುದನ್ನು ಕ್ಲಾಸಿನಲ್ಲಿ ಕೂತು ಕಲಿಯೋಕೆ ಆಗುತ್ತಾ? ಓದಿ ಮಾಡಿದವರು, ಓದದೇ ಮಾಡಿದವರು, ಇಬ್ಬರೂ ಹೇಳಿ.

ಬೆಟಗೇರಿ_ಪ್ರೆಸ್:

ಬೇಡ ತಂಗಿ. 6 ಲಕ್ಷಕ್ಕೆ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಮೆಷಿನ್ ಬರುತ್ತದೆ. ನಮ್ಮ ಗದಗಿನ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ಶುರು ಮಾಡಿದವರು. ಯಾವ ಎಂಬಿಎ ಇತ್ತು ಅವರಿಗೆ? ವ್ಯಾಪಾರ ಮಾಡುತ್ತಲೇ ವ್ಯಾಪಾರ ಬರುತ್ತದೆ.

ಧಾರವಾಡ_ಮೇಷ್ಟ್ರು:

ನಾನು ಮ್ಯಾನೇಜ್‌ಮೆಂಟ್ ಪಾಠ ಮಾಡುವವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಪ್ರೆಸ್ ಅಣ್ಣಾವ್ರೇ, ಸಂಕೇಶ್ವರರು ಬಿಕಾಂ ಓದಿದವರು. ಅವರ ಮನೆಯಲ್ಲೇ ಮುದ್ರಣದ ವ್ಯವಹಾರ ಇತ್ತು. ಮನೆಯಲ್ಲಿ ಲೆಕ್ಕ, ಗಿರಾಕಿ, ಆಳುಗಳು, ಸಾಲ ಎಲ್ಲ ನೋಡುತ್ತಾ ಬೆಳೆದವರಿಗೂ, ಸರ್ಕಾರಿ ನೌಕರರ ಮನೆಯಲ್ಲಿ ಬೆಳೆದವರಿಗೂ ವ್ಯತ್ಯಾಸ ಇದೆ. ಎರಡನೆಯವರಿಗೆ ಅದನ್ನು ಯಾರಾದರೂ ಕಲಿಸಬೇಕು. ಈ ಹುಡುಗಿಗೆ ಅಪ್ಪನ ವರ್ಕ್‌ಶಾಪ್ ಇದೆ. ಅರ್ಧ ಪಾಠ ಅಲ್ಲೇ ಆಗಿದೆ. ಉಳಿದ ಅರ್ಧಕ್ಕೆ ಎರಡು ವರ್ಷ ಬೇಕಾ ಅನ್ನುವುದನ್ನು ಯೋಚಿಸೋಣ. ಓದೇ ಬೇಡ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ.

ನವಲಗುಂದ_77:

ಅಪ್ಪನ ವರ್ಕ್‌ಶಾಪ್ ಇದ್ದವರು ಇಷ್ಟು ಯೋಚಿಸಬೇಕಾ? ಶುರು ಮಾಡಿ.

ಸಾಧನಕೇರಿ:

ನಾನು ಇಂಥದೇ ಕೋರ್ಸ್ ಮಾಡಿದವಳು. ಈಗ ಸಿರಿಧಾನ್ಯದ ತಿಂಡಿ ಮಾಡಿ ಅಂಗಡಿಗಳಿಗೆ ಕೊಡುತ್ತೇನೆ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಕೋರ್ಸ್‌ನಿಂದ ನನಗೆ ಬಹಳ ಉಪಯೋಗವಾಗಿದ್ದು ಕಾಸ್ಟಿಂಗ್. ಒಂದು ಪ್ಯಾಕೆಟ್‌ಗೆ ನಿಜವಾಗಿ ಎಷ್ಟು ಖರ್ಚು ಬೀಳುತ್ತದೆ, ಅದರಲ್ಲಿ ನನ್ನ ದುಡಿಮೆಗೆ ಕೂಲಿ ಹಿಡಿದಿದ್ದೇನಾ, ಸಾಗಾಟ, ಹಾಳಾಗಿದ್ದು, ಅಂಗಡಿಯವರ ಕಮಿಷನ್ ಎಲ್ಲ ಕಳೆದರೆ ಏನು ಉಳಿಯುತ್ತದೆ. ಇದನ್ನು ಒಬ್ಬ ಮೇಡಂ ಕೂರಿಸಿಕೊಂಡು ಹೇಳಿಕೊಟ್ಟರು. ನನ್ನ ಸುತ್ತ ತಿಂಡಿ ಮಾಡುವ ಎಷ್ಟೋ ಅಕ್ಕಂದಿರು ತಮ್ಮ ಕೂಲಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ವರ್ಷಗಟ್ಟಲೆ ದುಡಿದು ಲಾಭ ಆಯಿತು ಅಂದುಕೊಂಡಿರುತ್ತಾರೆ.

ಎರಡನೆಯದು ಗೆಳೆಯರು. ಪ್ಯಾಕಿಂಗ್ ಡಿಸೈನ್ ಮಾಡಿಕೊಟ್ಟವನು, ಬೆಳಗಾವಿಯಲ್ಲಿ ಅಂಗಡಿಗಳನ್ನು ಪರಿಚಯಿಸಿದವಳು, ಇಬ್ಬರೂ ಅಲ್ಲಿ ಸಿಕ್ಕವರು.

ಸಿಗದೇ ಹೋಗಿದ್ದು ಮಾರಾಟದ ಅಭ್ಯಾಸ. ಬಿಸಿನೆಸ್ ಮಾಡೆಲ್ ಕ್ಯಾನ್ವಾಸ್ ಅಂತ ಒಂಬತ್ತು ಖಾನೆಯ ಹಾಳೆ ತುಂಬಿಸುತ್ತಾರೆ. "ಗಿರಾಕಿ ಯಾರು" ಅನ್ನುವ ಖಾನೆಯಲ್ಲಿ "ಆರೋಗ್ಯದ ಕಾಳಜಿ ಇರುವ ನಗರವಾಸಿಗಳು" ಅಂತ ಬರೆದರೆ ಪೂರ್ತಿ ಅಂಕ. ಅಂಗಡಿಗೆ ಹೋಗಿ ಹತ್ತು ಪ್ಯಾಕೆಟ್ ಇಟ್ಟು ಬಾ, ಮುಂದಿನ ವಾರ ಹೋಗಿ ರೊಕ್ಕ ಇಸಿದುಕೊಂಡು ಬಾ ಅಂತ ಯಾರೂ ಕಳಿಸಲಿಲ್ಲ. ನಿಜವಾದ ಪರೀಕ್ಷೆ ಅದು.

ಗೋಕುಲರೋಡ್_ಮೆಕ್:

ಸಾಧನಕೇರಿ ಅಕ್ಕಾ, ಇದೇ ಬೇಕಿತ್ತು. ನನಗೆ ಡ್ರಾಯಿಂಗ್ ಬರುತ್ತದೆ, ಫ್ಯಾಬ್ರಿಕೇಶನ್ ಬರುತ್ತದೆ. ಯಾರಿಗೆ ಮಾರಬೇಕು, ಎಷ್ಟಕ್ಕೆ ಮಾರಬೇಕು ಅನ್ನುವುದು ಗೊತ್ತಿಲ್ಲ. ಕೋರ್ಸ್ ಕಡೆ ಮನಸ್ಸು ಎಳೆಯುವುದೇ ಅದಕ್ಕೆ.

ಅಡತಿ_ಬ್ಯಾಡಗಿ:

ನಮ್ಮದು ಬ್ಯಾಡಗಿಯಲ್ಲಿ ದಲಾಲಿ ಅಂಗಡಿ. ನಿಮ್ಮ ಗಿರಾಕಿ ನಾವು, ಹಾಗಾಗಿ ನಾನು ಹೇಳಲೇಬೇಕು.

ತಂಗಿ, ಮೊದಲು ಯಾವ ಕಾಯಿಗೆ ಯಂತ್ರ ಮಾಡಿದ್ದೀರಿ? ಬ್ಯಾಡಗಿ ಕಾಯಿಯಲ್ಲಿ ಕಡ್ಡಿ ಬೇರೆ, ಡಬ್ಬಿ ಬೇರೆ. ಕಡ್ಡಿ ಉದ್ದ, ಸಪೂರ. ಡಬ್ಬಿ ಗಿಡ್ಡ, ದುಂಡು, ಬಣ್ಣ ಜಾಸ್ತಿ. ಎರಡರ ಮೈಯೂ ಸುಕ್ಕು. ಗುಂಟೂರು ಕಾಯಿಯ ಮೈ ನುಣುಪು, ಅದಕ್ಕೆ ಮಾಡಿದ ಯಂತ್ರದಲ್ಲಿ ನಮ್ಮ ಕಾಯಿ ಹಾಕಿದರೆ ಅರ್ಧ ಮುರಿದು ಬೀಜ ಉದುರುತ್ತದೆ. ಮುರಿದ ಕಾಯಿಗೆ ದರ ಕಡಿಮೆ. ನಮ್ಮ ಕಾಯಿ ಮಾರಾಟವಾಗುವುದೇ ಬಣ್ಣಕ್ಕೆ. 2011ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಗುರುತು, ಸಿಕ್ಕಿದ್ದೂ ಇದೇ ಬಣ್ಣ, ಕಡಿಮೆ ಖಾರ ಅನ್ನುವ ಗುಣಕ್ಕೆ. ಓಲಿಯೋರೆಸಿನ್, ಅಂದರೆ ಬಣ್ಣದ ಸಾರ, ತೆಗೆದು ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ.

ಎರಡನೆಯದು ತೇವ. ಬಹಳ ಒಣಗಿದ್ದರೆ ಪುಡಿಯಾಗುತ್ತದೆ. ಮೆತ್ತಗಿದ್ದರೆ ತೊಟ್ಟು ಬಿಡುವುದಿಲ್ಲ. ಲ್ಯಾಬಿನಲ್ಲಿ ಒಂದೇ ಚೀಲದ ಕಾಯಿಯಿಂದ ಟೆಸ್ಟ್ ಮಾಡಿ "ಓಡುತ್ತದೆ" ಅಂದರೆ ನಾನು ಒಪ್ಪುವುದಿಲ್ಲ. ಜನವರಿಯಲ್ಲಿ ಬರುವ ಕಾಯಿ, ಏಪ್ರಿಲ್‌ನಲ್ಲಿ ಬರುವ ಕಾಯಿ, ಕೋಲ್ಡ್ ಸ್ಟೋರೇಜ್‌ನಿಂದ ಮಳೆಗಾಲದಲ್ಲಿ ತೆಗೆದ ಕಾಯಿ, ಮೂರನ್ನೂ ಹಾಕಿ ನೋಡಿ.

ಮೂರನೆಯದು, ಎಲ್ಲರೂ ತೊಟ್ಟು ತೆಗೆಸುವುದಿಲ್ಲ. ರೈತರು ತೊಟ್ಟಿನ ಸಮೇತವೇ ತರುತ್ತಾರೆ. ತೊಟ್ಟು ತೆಗೆದದ್ದು ಬೇಕಾಗುವುದು ಪುಡಿ ಮಾಡುವವರಿಗೆ, ಮಸಾಲೆ ಕಂಪನಿಗಳಿಗೆ ಮಾಲು ಕಳಿಸುವವರಿಗೆ. ನಿಮ್ಮ ಗಿರಾಕಿ ಅವರು. ರೈತರಿಗೆ ಮಾರುತ್ತೇನೆ ಅಂತ ಹೊರಟರೆ ಒಂದೂ ಹೋಗುವುದಿಲ್ಲ.

ಇಷ್ಟನ್ನು ಯಾವ ಯೂನಿವರ್ಸಿಟಿಯಲ್ಲಿ ಹೇಳಿಕೊಡುತ್ತಾರೆ?

ಧಾರವಾಡ_ಮೇಷ್ಟ್ರು:

ಅಡತಿಯವರೇ, ಬಹಳ ಒಳ್ಳೆಯ ಮಾತು. ಆದರೆ ಆ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಇದೆ. ಈ ಮೂರು ಸಂಗತಿ ಗೊತ್ತಾಗಬೇಕಾದರೆ ನಿಮ್ಮಂಥವರ ಹತ್ತಿರ ಹೋಗಿ ಯಾವ ಪ್ರಶ್ನೆ ಕೇಳಬೇಕು ಅನ್ನುವುದು ತಿಳಿದಿರಬೇಕು. ಒಳ್ಳೆಯ ಕೋರ್ಸ್ ಅದನ್ನು ಕಲಿಸುತ್ತದೆ.

ಹಾವೇರಿ_ಮಗಳು:

ಒಂದು ವಿಷಯ ಯಾರೂ ಎತ್ತುತ್ತಿಲ್ಲ. ತೊಟ್ಟು ಬಿಡಿಸುವ ಕೆಲಸ ಮಾಡುವವರು ಹೆಂಗಸರು. ನಮ್ಮೂರಿನಿಂದ ಸೀಸನ್‌ನಲ್ಲಿ ಗಾಡಿ ತುಂಬಿಕೊಂಡು ಹೋಗುತ್ತಾರೆ. ಕಿಲೋ ಲೆಕ್ಕದಲ್ಲಿ ಕೂಲಿ. ಕೈ ಉರಿ, ಕಣ್ಣು ಉರಿ, ಕೆಮ್ಮು ಎಲ್ಲ ಸಹಿಸಿಕೊಂಡು ಮಾಡುತ್ತಾರೆ, ಏಕೆಂದರೆ ಬೇಸಿಗೆಯಲ್ಲಿ ಹೊಲದಲ್ಲಿ ಬೇರೆ ಕೆಲಸ ಇರುವುದಿಲ್ಲ. ಯಂತ್ರ ಬಂದರೆ ಅವರ ಗತಿ?

ನವಲಗುಂದ_77:

ಟ್ರ್ಯಾಕ್ಟರ್ ಬಂದಾಗಲೂ ಇದನ್ನೇ ಹೇಳಿದರು.

ಹಾವೇರಿ_ಮಗಳು:

ಟ್ರ್ಯಾಕ್ಟರ್ ಬಂದಾಗ ಕೆಲಸ ಹೋದವರು ಎಲ್ಲಿಗೆ ಹೋದರು ಅಂತ ನಿಮಗೆ ಗೊತ್ತಾ? ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋದರು. ನಮ್ಮ ಓಣಿಯಲ್ಲೇ ಇದ್ದಾರೆ ಅಂಥವರು. ಸುಮ್ನೆ ಹೇಳಬೇಡಿ.

ಅಡತಿ_ಬ್ಯಾಡಗಿ:

ತಂಗಿ ಹೇಳುವುದು ಸರಿ. ಆದರೆ ಸೀಸನ್ ಜೋರಾದಾಗ ಆಳು ಸಾಲುವುದಿಲ್ಲ, ಅದೂ ನಿಜ. ಮಾಲು ಗೋಡೌನಿನಲ್ಲಿ ಕೂತರೆ ದರದ ಅಪಾಯ ನಮ್ಮ ತಲೆ ಮೇಲೆ. 2024ರ ಮಾರ್ಚ್‌ನಲ್ಲಿ ದರ ಬಿದ್ದು ಎಪಿಎಂಸಿಯಲ್ಲಿ ಎಂಥ ಗಲಾಟೆ ಆಯಿತು, ಗಾಡಿಗಳಿಗೆ ಬೆಂಕಿ ಬಿತ್ತು, ನೋಡಿದ್ದೀರಿ. ಯಂತ್ರ ಮಾರುವವರೂ ಇದನ್ನು ನೆನಪಿಡಬೇಕು. ದರ ಬಿದ್ದ ವರ್ಷ ಬ್ಯಾಡಗಿಯಲ್ಲಿ ಯಾರೂ ಹೊಸ ಯಂತ್ರ ಕೊಳ್ಳುವುದಿಲ್ಲ.

ಬೆಟಗೇರಿ_ಪ್ರೆಸ್:

ಯಂತ್ರವನ್ನು ಹೆಂಗಸರ ಸಂಘಕ್ಕೇ ಮಾರಿದರೆ? ತೊಟ್ಟು ತೆಗೆಯುವ ಕಾಂಟ್ರಾಕ್ಟ್ ಸಂಘವೇ ಹಿಡಿಯಲಿ. ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಈ ಸೀಮೆಗೆ ಸಂಘ ಹೊಸದಲ್ಲ.

ಹಾವೇರಿ_ಮಗಳು:

ಇದಕ್ಕೆ ನಾನು ಒಪ್ಪುತ್ತೇನೆ. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಮಾತಾಡಬಲ್ಲೆ. ಆದರೆ ಯಂತ್ರ ಸಣ್ಣದಿರಬೇಕು, ಹೆಂಗಸರೇ ನಡೆಸುವಂತಿರಬೇಕು. ಧೂಳು ಹೊರಗೆ ಹಾರದ ಹಾಗೆ ಮುಚ್ಚಳ ಇರಬೇಕು.

ಗೋಕುಲರೋಡ್_ಮೆಕ್:

ಧೂಳಿನ ವಿಷಯ ನಮ್ಮ ಡಿಸೈನ್‌ನಲ್ಲಿ ಇರಲೇ ಇಲ್ಲ. ಬರೆದುಕೊಂಡೆ ಅಕ್ಕಾ.

ಲೆಕ್ಕದ_ಮನುಷ್ಯ:

ಟ್ಯಾಕ್ಸ್ ಕನ್ಸಲ್ಟಂಟ್ ನಾನು. ದುರ್ಗದ ಬೈಲ್ ಹತ್ತಿರ ಆಫೀಸು. ಕೋರ್ಸ್ ಬಗ್ಗೆ ಎಲ್ಲರೂ ಹೇಳಿದರು, ಉದ್ರಿ ಬಗ್ಗೆ ಹೇಳುವವರು ಬೇಕು.

ಹುಬ್ಬಳ್ಳಿಯಲ್ಲಿ ಮುಚ್ಚಿದ ಸಣ್ಣ ಘಟಕಗಳ ಲೆಕ್ಕಪತ್ರ ನಾನು ನೋಡಿದ್ದೇನೆ. ಹಲವು ಘಟಕಗಳಲ್ಲಿ ಲಾಭ ಇತ್ತು. ಕಾಗದದ ಮೇಲೆ. ರೊಕ್ಕ ಮಾತ್ರ ಬೇರೆಯವರ ಹತ್ತಿರ ಕೂತಿತ್ತು. ಮಾಲು ಕೊಟ್ಟು ನಾಲ್ಕು ತಿಂಗಳು ಕಾಯಬೇಕು. ಅಷ್ಟರಲ್ಲಿ ಉಕ್ಕು ತಂದ ಅಂಗಡಿಯವನಿಗೆ ಕೊಡಬೇಕು, ಆಳುಗಳಿಗೆ ಶನಿವಾರದ ಬಟವಾಡೆ ಮಾಡಬೇಕು, ಬಿಲ್ ಮಾಡಿದ್ದಕ್ಕೆ ಜಿಎಸ್‌ಟಿ ಕಟ್ಟಬೇಕು. ಜಿಎಸ್‌ಟಿಯಲ್ಲಿ ಗಿರಾಕಿ ರೊಕ್ಕ ಕೊಡುವವರೆಗೆ ಕಾಯುತ್ತೇನೆ ಅನ್ನೋ ಹಾಗಿಲ್ಲ.

ಕಾನೂನು ಸಣ್ಣವರ ಪರ ಇದೆ. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಮೈಕ್ರೋ ಮತ್ತು ಸ್ಮಾಲ್ ಘಟಕಗಳಿಗೆ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ರೊಕ್ಕ ಕೊಡಬೇಕು. ತಡ ಮಾಡಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024-25ರ ಅಸೆಸ್‌ಮೆಂಟ್ ವರ್ಷದಿಂದ ಆದಾಯ ತೆರಿಗೆಯಲ್ಲೂ ಬಿಗಿ ಮಾಡಿದ್ದಾರೆ. ಈ ಗಡುವು ಮೀರಿದರೆ, ರೊಕ್ಕ ಕೊಟ್ಟ ವರ್ಷವೇ ಆ ಖರ್ಚು ತೋರಿಸಬೇಕು. ದೂರು ಕೊಡಲು ಸರ್ಕಾರದ ಪೋರ್ಟಲ್ ಇದೆ. ಆದರೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಘಟಕ ಅಂತ ಸರ್ಕಾರದಲ್ಲಿ ದಾಖಲೆ, ಆಗಿರಬೇಕು. ಅದು ಆನ್‌ಲೈನ್, ಪೂರ್ತಿ ಉಚಿತ. ಇದಕ್ಕೆ ರೊಕ್ಕ ಕೇಳುವ ವೆಬ್‌ಸೈಟುಗಳಿವೆ, ಅವುಗಳಿಗೆ ಒಂದು ಪೈಸೆ ಕೊಡಬೇಡಿ.

ನಿಮ್ಮ ಅಪ್ಪನ ವರ್ಕ್‌ಶಾಪ್‌ಗೆ ಉದ್ಯಮ್ ಇದೆಯಾ?

ಗೋಕುಲರೋಡ್_ಮೆಕ್:

ಅಪ್ಪನನ್ನು ಕೇಳಿದೆ ಸರ್. ಜಿಎಸ್‌ಟಿ ಇದೆ, ಉದ್ಯಮ್ ಇಲ್ಲ. ಬಿಲ್ ಕೊಟ್ಟ ಮೇಲೆ ಮೂರು ನಾಲ್ಕು ತಿಂಗಳು ಕಾಯುವುದು ಮಾಮೂಲು. 45 ದಿನದ ಮಾತು ಹೇಳಿದರೆ "ಕಾನೂನು ತೋರಿಸಿದರೆ ಮುಂದಿನ ಆರ್ಡರ್ ಬೇರೆಯವರಿಗೆ ಹೋಗುತ್ತದೆ" ಅಂದರು.

ಲೆಕ್ಕದ_ಮನುಷ್ಯ:

ಅವರು ಹೇಳಿದ್ದು ಸುಳ್ಳಲ್ಲ. ಆದರೂ ಇವತ್ತೇ ನೋಂದಣಿ ಮಾಡಿಸಿ. ಬಿಲ್ ಮೇಲೆ ಉದ್ಯಮ್ ನಂಬರ್ ಅಚ್ಚಾಗಲಿ. ಜಗಳ ಬೇಡ, ನಂಬರ್ ನೋಡಿದರೆ ಕಂಪನಿಯ ಅಕೌಂಟ್ಸ್‌ನವರಿಗೆ ಅರ್ಥವಾಗುತ್ತದೆ. ತೆರಿಗೆ ಅವರ ತಲೆಗೇ ಬರುತ್ತದಲ್ಲ.

ಮೆಣಸಿನಕಾಯಿ ಯಂತ್ರಕ್ಕಂತೂ ಉದ್ರಿ ಇಡಲೇಬೇಡಿ. ಆರ್ಡರ್ ಜೊತೆ ಅರ್ಧ, ಯಂತ್ರ ಲಾರಿಗೆ ಹತ್ತುವ ಮುನ್ನ ಉಳಿದರ್ಧ. ಜಾಬ್ ವರ್ಕ್‌ನಲ್ಲಿ ನಿಮ್ಮ ಮಾತು ನಡೆಯುವುದಿಲ್ಲ. ಸ್ವಂತ ಯಂತ್ರದಲ್ಲಿ ನಡೆಯುತ್ತದೆ. ಸ್ವಂತ ಪ್ರಾಡಕ್ಟ್‌ನ ದೊಡ್ಡ ಲಾಭ ಅದೇ.

ಅಡತಿ_ಬ್ಯಾಡಗಿ:

ಬ್ಯಾಡಗಿಯಲ್ಲಿ ಪೂರ್ತಿ ಮುಂಗಡ ಯಾರೂ ಕೊಡುವುದಿಲ್ಲ ಸರ್. ಹತ್ತು ಚೀಲ ಓಡಿಸಿ ತೋರಿಸಿದ ಮೇಲೆ ಕೊಡುತ್ತಾರೆ.

ಲೆಕ್ಕದ_ಮನುಷ್ಯ:

ಹಾಗಾದರೆ ಓಡಿಸಿ ತೋರಿಸಿದ ದಿನವೇ ಕೊಡಿ. ಮುಂದಿನ ಸೀಸನ್‌ಗೆ ಅನ್ನಬೇಡಿ.

ಕೇಶ್ವಾಪುರ_ನಿವೃತ್ತ:

ಬ್ಯಾಂಕಿನಲ್ಲಿ ಸಾಲ ವಿಭಾಗದಲ್ಲಿ ಇದ್ದವನು. ಪಿಎಂಇಜಿಪಿ, ಅಂದರೆ ಹೊಸ ಘಟಕಕ್ಕೆ ಸಬ್ಸಿಡಿ ಸಹಿತ ಸಾಲದ ಕೇಂದ್ರ ಯೋಜನೆ, ಅದರ ಬಗ್ಗೆ ಹೇಳುತ್ತೇನೆ. ತಯಾರಿಕಾ ಘಟಕಕ್ಕೆ 50 ಲಕ್ಷದವರೆಗಿನ ಯೋಜನೆಗೆ ಇದು ಸಿಗುತ್ತದೆ. ಮಹಿಳೆಯರಿಗೆ ವಿಶೇಷ ವರ್ಗ. ನಗರದಲ್ಲಿ 25%, ಗ್ರಾಮೀಣ ಭಾಗದಲ್ಲಿ 35% ಸಬ್ಸಿಡಿ, ಕೈಯಿಂದ ಹಾಕಬೇಕಾದ್ದು 5% ಮಾತ್ರ. ಈ ಸಬ್ಸಿಡಿ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಇರುತ್ತದೆ, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆ. ಹೊಸ ಘಟಕಕ್ಕೆ ಮಾತ್ರ. ಅಪ್ಪನ ವರ್ಕ್‌ಶಾಪ್ ಹೆಸರಲ್ಲಿ ಹಾಕಿದರೆ ತಿರಸ್ಕಾರ. ಅರ್ಜಿಗೆ ಮೊದಲು ಈಗಿನ ನಿಯಮ ಡಿಐಸಿಯಲ್ಲಿ (ಜಿಲ್ಲಾ ಕೈಗಾರಿಕಾ ಕೇಂದ್ರ) ಕೇಳಿಕೊಳ್ಳಿ.

ಇನ್ನೊಂದು. 10 ಲಕ್ಷ ಮೀರಿದ ತಯಾರಿಕಾ ಯೋಜನೆಗೆ ಅದು ಕೇಳುವ ವಿದ್ಯಾರ್ಹತೆ ಎಂಟನೇ ತರಗತಿ. ಜೊತೆಗೆ ಸಣ್ಣ ತರಬೇತಿ. ಸಾಲ ಕೊಡುವಾಗ ನಾವು ಎಂಬಿಎ ಸರ್ಟಿಫಿಕೇಟ್ ನೋಡುತ್ತಿರಲಿಲ್ಲ. ಖಾತೆಯಲ್ಲಿ ರೊಕ್ಕ ಓಡಾಡಿದೆಯಾ, ಗಿರಾಕಿ ಕೊಟ್ಟ ಕೊಟೇಶನ್ ಒಪ್ಪಿಗೆ ಪತ್ರ ಇದೆಯಾ, ಹಳೆಯ ಸಾಲದ ಕಂತು ಬಾಕಿ ಇದೆಯಾ, ಇವನ್ನೇ ನೋಡುತ್ತಿದ್ದೆವು. ಹಾಗಾಗಿ 6 ಲಕ್ಷದ ಶಿಕ್ಷಣ ಸಾಲ ಹೊತ್ತುಕೊಂಡು ಬಂದು ಬಿಸಿನೆಸ್ ಸಾಲ ಕೇಳುವುದು ಕಷ್ಟದ ದಾರಿ.

ಬೆಟಗೇರಿ_ಪ್ರೆಸ್:

ನೋಡಿ ಮೇಷ್ಟ್ರೇ. ಸರ್ಕಾರವೇ ಎಂಟನೇ ಕ್ಲಾಸ್ ಸಾಕು ಅನ್ನುತ್ತದೆ.

ಧಾರವಾಡ_ಮೇಷ್ಟ್ರು:

ಸರ್ಕಾರ ಜೊತೆಗೆ ತರಬೇತಿಯನ್ನೂ ಕಡ್ಡಾಯ ಮಾಡಿದೆಯಲ್ಲ ಅಣ್ಣಾವ್ರೇ. ಉದ್ಯಮಶೀಲತೆಯನ್ನು ಕಲಿಸಬಹುದು ಅನ್ನುವುದಕ್ಕೆ ಪುರಾವೆ ನಮ್ಮ ದೇಶದಲ್ಲೇ ಇದೆ. 1964ರಲ್ಲಿ ಡೇವಿಡ್ ಮ್ಯಾಕ್‌ಲೆಲೆಂಡ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಕೊಟ್ಟು ನೋಡಿದರು. ತರಬೇತಿ ಪಡೆದವರು ಆಮೇಲೆ ಹೆಚ್ಚು ಹೂಡಿಕೆ ಮಾಡಿದರು, ಹೆಚ್ಚು ಜನರಿಗೆ ಕೆಲಸ ಕೊಟ್ಟರು. ದೇಶದಲ್ಲಿ ಇಂಥ ತರಬೇತಿಗಳು ಹರಡಲು ಆ ಪ್ರಯೋಗವೂ ಒಂದು ಕಾರಣ.

ಇತ್ತೀಚಿನದು ಬೇಕಾದರೆ, ಆಫ್ರಿಕಾದ ಟೋಗೋದಲ್ಲಿ 1,500 ಸಣ್ಣ ಉದ್ಯಮಿಗಳ ಮೇಲೆ ನಡೆದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮಾಮೂಲಿ ಪಾಠ, ಅಂದರೆ ಲೆಕ್ಕ, ಮಾರ್ಕೆಟಿಂಗ್. ಇನ್ನೊಂದು ಗುಂಪಿಗೆ ತಾವೇ ಮುಂದಾಗಿ ಅವಕಾಶ ಹುಡುಕುವ, ಅಡ್ಡಿ ಬಂದಾಗ ಬೇರೆ ದಾರಿ ನೋಡುವ ಅಭ್ಯಾಸದ ತರಬೇತಿ. ಮೂರನೆಯ ಗುಂಪಿಗೆ ಏನೂ ಇಲ್ಲ. ಅಭ್ಯಾಸದ ತರಬೇತಿ ಪಡೆದವರ ಲಾಭ ತರಬೇತಿ ಇಲ್ಲದವರಿಗಿಂತ 30% ಜಾಸ್ತಿಯಾಯಿತು. ಮಾಮೂಲಿ ಪಾಠದವರ ಲಾಭದಲ್ಲಿ ಖಚಿತವಾಗಿ ಹೇಳುವಂಥ ಏರಿಕೆ ಕಾಣಲಿಲ್ಲ.

ಸಾಧನಕೇರಿ:

ಸರ್, ಹಾಗಾದರೆ ನಾನು ಹೇಳಿದ್ದೇ ಆಯಿತಲ್ವಾ? ಹಾಳೆ ತುಂಬಿಸಿದರೆ ಸಾಲದು, ಹೊರಗೆ ಕಳಿಸಬೇಕು. ನಿಮ್ಮ ಪುರಾವೆಯಲ್ಲಿ ಎರಡು ವರ್ಷದ ಡಿಗ್ರಿ ಎಲ್ಲೂ ಇಲ್ಲ.

ಧಾರವಾಡ_ಮೇಷ್ಟ್ರು:

ಒಪ್ಪಿದೆ. ಎರಡು ವರ್ಷವೇ ಬೇಕು ಅಂತ ಈ ಪುರಾವೆ ಹೇಳುವುದಿಲ್ಲ. ಸೇರುವುದಾದರೆ ಕಾಲೇಜಿನಲ್ಲಿ ಇದನ್ನು ಕೇಳಿ: ಪಾಠ ಮಾಡುವವರಲ್ಲಿ ವ್ಯವಹಾರ ನಡೆಸಿದವರು ಇದ್ದಾರಾ? ನನ್ನ ಯಂತ್ರದ ಮಾರಾಟವನ್ನೇ ಪ್ರಾಜೆಕ್ಟ್ ಅಂತ ಒಪ್ಪುತ್ತೀರಾ? ಸೀಸನ್‌ನಲ್ಲಿ ಬ್ಯಾಡಗಿಗೆ ಹೋದರೆ ಹಾಜರಿ ಕೊಡುತ್ತೀರಾ? 2019ರ ರಾಷ್ಟ್ರೀಯ ಸ್ಟಾರ್ಟಪ್ ನೀತಿಯಲ್ಲಿ ಹಾಜರಿ ವಿನಾಯಿತಿಗೂ, ಓದಿಗೆ ಬಿಡುವು ತೆಗೆದುಕೊಳ್ಳುವುದಕ್ಕೂ ಅವಕಾಶ ಇದೆ. ಕಾಲೇಜು ಅದನ್ನು ಜಾರಿಗೆ ತಂದಿದೆಯಾ ಅನ್ನುವುದೇ ಪ್ರಶ್ನೆ. ಮೂರಕ್ಕೂ ಹೌದು ಅಂದರೆ ಸೇರುವುದರಲ್ಲಿ ಅರ್ಥ ಇದೆ.

ಮಾಳಮಡ್ಡಿ_ಮಾವ:

ಎಂಬಿಎಗಿಂತ ಕಡಿಮೆ ಖರ್ಚಿನ ದಾರಿಗಳು ನಮ್ಮ ಊರಲ್ಲೇ ಇವೆ, ಯಾರೂ ಹೇಳಲಿಲ್ಲ. ಸಿಡಾಕ್ ಇದೆ, ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ. 1992ರಿಂದ ಅದರ ಮುಖ್ಯ ಕಚೇರಿ ಧಾರವಾಡದಲ್ಲೇ. ರುಡ್‌ಸೆಟ್ ಇದೆ, ಊಟ ವಸತಿ ಸಹಿತ ಉಚಿತ ತರಬೇತಿ. 1982ರಲ್ಲಿ ಉಜಿರೆಯಲ್ಲಿ ಶುರುವಾಗಿ ದೇಶಕ್ಕೇ ಮಾದರಿಯಾದ ಸಂಸ್ಥೆ ಅದು. ಕೃಷಿಗೆ ಸಂಬಂಧಪಟ್ಟ ಯಂತ್ರವಾದ್ದರಿಂದ ಕೃಷಿ ವಿಶ್ವವಿದ್ಯಾಲಯದ ಕೃಷಿಕ್ ಇನ್‌ಕ್ಯುಬೇಟರ್‌ಗೆ (ಹೊಸ ಉದ್ಯಮ ಬೆಳೆಸುವ ಕೇಂದ್ರ) ಹೋಗಿ. ಗೋಕುಲ ರೋಡಿನಲ್ಲಿ ವಿಮಾನ ನಿಲ್ದಾಣದ ಪಕ್ಕ ದೇಶಪಾಂಡೆ ಸ್ಟಾರ್ಟಪ್ಸ್ ಇದೆ, ನಿಮ್ಮ ವರ್ಕ್‌ಶಾಪ್‌ಗೆ ಹತ್ತಿರ.

ಮತ್ತೊಂದು ಮಾತು. ಡಿಸೈನ್‌ನಲ್ಲಿ ಹೊಸತನ ಇದ್ದರೆ ಮೇಳದಲ್ಲಿ ತೋರಿಸುವ ಮೊದಲೇ ಪೇಟೆಂಟ್‌ಗೆ ಪ್ರಾವಿಶನಲ್ (ತಾತ್ಕಾಲಿಕ) ಅರ್ಜಿ ಹಾಕಿ. ವ್ಯಕ್ತಿಗಳಿಗೆ ಆನ್‌ಲೈನ್ ಫೀಸು 1,600 ರೂಪಾಯಿ. ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ.

ನವಲಗುಂದ_77:

ಮಾವಾ, ಕೃಷಿ ಮೇಳಕ್ಕೆ ಹೋದಾಗ ಲೈನ್ ಬಜಾರ್ ಪೇಡಾ ತರುವುದನ್ನೂ ಹೇಳಿಬಿಡಿ.

ಮಾಳಮಡ್ಡಿ_ಮಾವ:

ಅದನ್ನು ಹೇಳಬೇಕಾ? ಆದರೆ ಕ್ಯೂ ಬೆಳಿಗ್ಗೆಯೇ ಶುರು, ಬೇಗ ಹೋಗಿ.

ಗೋಕುಲರೋಡ್_ಮೆಕ್:

ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಅಪ್ಪನ ಜೊತೆ ಕೂತು ಇಡೀ ಚರ್ಚೆ ಓದಿದೆ. ಈ ವರ್ಷ ಎಂಬಿಎ ಸೇರುವುದಿಲ್ಲ. ಒಂದು ಸೀಸನ್ ಪೂರ್ತಿ ಬ್ಯಾಡಗಿ ಕಾಯಿಯ ಮೇಲೆ ಯಂತ್ರ ಓಡಿಸುತ್ತೇನೆ. ಕಾಸ್ಟಿಂಗ್ ಕಲಿಯಲು ಸಿಡಾಕ್‌ನಲ್ಲಿ ವಿಚಾರಿಸುತ್ತೇನೆ. ಅಪ್ಪನ ಉದ್ಯಮ್ ನೋಂದಣಿ ನಾನೇ ಕೂತು ಮಾಡಿದೆ. ಆಮೇಲೂ ಓದಬೇಕು ಅನ್ನಿಸಿದರೆ ಮೇಷ್ಟ್ರ ಮೂರು ಪ್ರಶ್ನೆ ಹಿಡಿದುಕೊಂಡು ಕಾಲೇಜಿಗೆ ಹೋಗುತ್ತೇನೆ.

ಅಡತಿ ಅಣ್ಣಾವ್ರೇ, ಯಾವಾಗ ಬರಲಿ? ಯಂತ್ರ ತರಬೇಕಾ? ನಿಮ್ಮಲ್ಲಿ ತ್ರೀ ಫೇಸ್ ಇದೆಯಾ?

ಧಾರವಾಡ_ಮೇಷ್ಟ್ರು:

ಒಂದು ವರ್ಷ ಬಿಟ್ಟು ಓದಿದರೆ ಇನ್ನೂ ಚೆನ್ನಾಗಿ ಓದುತ್ತೀರಿ. ಅಷ್ಟರಲ್ಲಿ ಕೇಳಲು ನಿಮ್ಮದೇ ಪ್ರಶ್ನೆಗಳು ಇರುತ್ತವೆ.

ಬೆಟಗೇರಿ_ಪ್ರೆಸ್:

ಯಂತ್ರದ ಮಾಹಿತಿ ಪತ್ರ ಕನ್ನಡದಲ್ಲೇ ಮಾಡಿಸಿ ತಂಗಿ. ಅಚ್ಚು ಹಾಕಿಕೊಡುವ ಜವಾಬ್ದಾರಿ ನನ್ನದು.

ಅಡತಿ_ಬ್ಯಾಡಗಿ:

ಸೋಮವಾರ ಅಥವಾ ಗುರುವಾರ ಬನ್ನಿ, ಮಾರುಕಟ್ಟೆ ದಿನ. ಹುಬ್ಬಳ್ಳಿಯಿಂದ ರೈಲು ಇದೆ, ಬ್ಯಾಡಗಿ ಸ್ಟೇಷನ್‌ನಲ್ಲೇ ಇಳಿಯಬಹುದು. ಮೊದಲ ಸಲ ಯಂತ್ರ ಬೇಡ. ತೊಟ್ಟು ಬಿಡಿಸುವ ಹೆಂಗಸರ ಪಕ್ಕ ಅರ್ಧ ದಿನ ಕೂತು ಅವರ ಕೈ ಹೇಗೆ ಓಡುತ್ತದೆ ನೋಡಿ. ಕಡ್ಡಿ, ಡಬ್ಬಿ ಎರಡರದೂ ಒಂದೊಂದು ಚೀಲ ಕೊಡುತ್ತೇನೆ, ಹುಬ್ಬಳ್ಳಿಗೆ ಒಯ್ದು ಓಡಿಸಿ. ಗೋಡೌನಿನಲ್ಲಿ ತ್ರೀ ಫೇಸ್ ಇದೆ, ಆದರೆ ಸಣ್ಣ ವ್ಯಾಪಾರಿಗಳ ಹತ್ತಿರ ಇರುವುದಿಲ್ಲ. ಸಂಘದ ಹೆಂಗಸರಿಗೆ ಮಾರಬೇಕಾದರೆ ಸಿಂಗಲ್ ಫೇಸ್ ಮೋಟರ್ ಹಾಕಿ.

ಹಾವೇರಿ_ಮಗಳು:

ಗುರುವಾರ ಆದರೆ ನಾನೂ ಬರುತ್ತೇನೆ. ಸಂಘದ ಇಬ್ಬರನ್ನು ಕರೆದುಕೊಂಡು ಬರುತ್ತೇನೆ. ಮುಚ್ಚಳ ಎಲ್ಲಿ ಬರಬೇಕು ಅಂತ ಅವರೇ ಹೇಳಲಿ.